ಕುಕ್ಕರ್ ಸೀಟಿ ಹೊಡದ್ರೂ ಸಿಟ್ಟು, ರಾತ್ರಿ 3ಕ್ಕ ಎದಿ ಢವಢವ... ನಂಗಷ್ಟೇ ಹಿಂಗೇನ್ರಿ?

ನವನಗರ_ಟೀಚರ್

ಎಲ್ಲಾರಿಗೂ ನಮಸ್ಕಾರ ರೀ. ಹುಬ್ಬಳ್ಳಿ ನವನಗರದಾಗ ಇರ್ತೀನಿ, ಧಾರವಾಡದಾಗ ಹೈಸ್ಕೂಲ್ ಟೀಚರ್, ವಯಸ್ಸು 47. ಇಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಅನ್ನೋ ಧೈರ್ಯದ ಮ್ಯಾಲೆ ಬರಿಯಾಕತ್ತೀನಿ, ಉದ್ದ ಆದ್ರ ಬೈಬ್ಯಾಡ್ರಿ.

ಹೋದ ವರ್ಷದಿಂದ ನನ್ನ ಮುಟ್ಟಿನ ಡೇಟ್ ಹಿಂದಮುಂದ ಆಗಾಕತ್ತೈತಿ. ಒಂದ್ ತಿಂಗಳು 20 ದಿನಕ್ಕ ಬರ್ತೈತಿ, ಆಮ್ಯಾಲೆ ಎರಡು ತಿಂಗಳು ಪತ್ತೇನ ಇರೂದಿಲ್ಲ. ಅದಿರ್ಲಿ, ಅದರ ತ್ರಾಸ ತಡಕೋಬಹುದು. ನಂಗ ಹೆದರಿಕಿ ಆಗಿರೋದು ನನ್ನ ಸಿಟ್ಟಿಂದು.

ಮೊನ್ನೆ ಐತವಾರ ರೊಟ್ಟಿ ಬಡ್ಯಾಕತ್ತಿದ್ದೆ, ಹನ್ನೊಂದನೇದೋ ಹನ್ನೆರಡನೇದೋ, ಹಂಚಿನ ಮ್ಯಾಲೆ ಹಾಕಿ ಅರಬಿಲೆ ನೀರು ಸವರಾಕತ್ತಿದ್ದೆ, ಒಮ್ಮೆಲೆ ಎದಿಯಿಂದ ಮ್ಯಾಲೆ ಝಳ ಎದ್ದು ಮುಖ ಕಿವಿ ಎಲ್ಲಾ ಕೆಂಡ ಆತು, ಕುತ್ತಿಗಿ ಹಿಂದ ಬೆವರು ಇಳಿಯಾಕತ್ತು, ಅದಕ್ಕ ಸರಿಯಾಗಿ ಕುಕ್ಕರ್ ಸೀಟಿ ಹೊಡೀತು, ಅದಕ್ಕ ಸರಿಯಾಗಿ ಪಡಸಾಲ್ಯಾಗಿಂದ ಮಗ "ಮಮ್ಮಿ ನಂಗ ಮೆತ್ತಂದು ಬೇಕು, ಕಡಕ್ ಬ್ಯಾಡ" ಅಂದ. ಅಷ್ಟ ಅಂದಿದ್ದು ಅಂವ. ನಾ ಕೈಯಾಗಿನ ಹಿಟ್ಟಿನ ಮುದ್ದಿ ಎತ್ತಿ ಗ್ವಾಡಿಗೆ ಒಗದೆ. ಅದು ಗ್ವಾಡಿಗೆ ಪಟ್ ಅಂತ ಹತ್ಕೊಂಡು ಕುಂತುಬಿಡ್ತು, ಆಮ್ಯಾಲೆ ಮೆಲ್ಲಕ ಕೆಳಗ ಜಾರಾಕತ್ತು. ಒಳಗ ಬಂದ ಮಗಾನೂ ನಾನೂ ಇಬ್ರೂ ಅದು ಜಾರೋದನ್ನ ನೋಡ್ಕೋತ ನಿಂತ್ವಿ. ಅಂವಗ 16 ವರ್ಷ. ಏನೂ ಮಾತಾಡ್ಲಿಲ್ಲ, ಬಟ್ಟಿ ತಂದು ಒರಸಿದ. ಅಂವ ಎದುರು ಮಾತಾಡಿದ್ರ ಚಲೋ ಇತ್ತೇನೋ.

ರಾತ್ರಿದು ಬ್ಯಾರೆ ಕಥಿ. ಕರೆಕ್ಟ್ 3ಕ್ಕ ಯಾರೋ ಅಲುಗಾಡಿಸಿ ಎಬ್ಬಿಸಿದಂಗ ಎಚ್ಚರ, ಎದಿ ಢವಢವ, ಗ್ಯಾಸ್ ಬಂದ್ ಮಾಡೇನೋ ಇಲ್ಲೋ, ಬೆಂಗಳೂರಾಗ ಪಿಜಿಯಾಗ ಇರೋ ಮಗಳು ನಿನ್ನೆ ಫೋನ್ ಯಾಕ ಮಾಡ್ಲಿಲ್ಲ, ಅತ್ತಿಯವರ ಕಾಲಿನ ಬಾವು ಯಾಕ ಇಳಿವಲ್ದು, ಹಿಂಗ ಒಂದರ ಹಿಂದ ಒಂದು ಸರದಿ ಹಚ್ಚಿ ನಿಲ್ತಾವ. ಎದ್ದು ಗ್ಯಾಸ್ ನೋಡಿ ಬರ್ತೀನಿ, ಬಂದ್ ಇರ್ತೈತಿ. ದಿನಾ ಬಂದ್ ಇರ್ತೈತಿ.

ಶಾಲ್ಯಾಗ ಹಾಜರಿ ಹಾಕುಮುಂದ ಮೂರನೇ ವರ್ಷ ನೋಡಾಕತ್ತಿರೋ ಹುಡುಗನ ಹೆಸರು ನೆನಪಿಗೆ ಬರ್ಲಿಲ್ಲ. ಬೇಂದ್ರೆ ಬಸ್ಸಿನ್ಯಾಗ ಹೋಗೋದು ಬಿಟ್ಟೀನಿ, ಸೆಕಿಗೆ ಉಸಿರು ಕಟ್ಟಿದಂಗ ಆಗ್ತೈತಿ, ಚಿಗರಿ ಬಸ್ಸಿನ್ಯಾಗ ಎಸಿ ಗಾಳಿ ಬರೋ ಜಾಗಾ ಹುಡುಕಿ ಅದರ ಕೆಳಗ ನಿಲ್ತೀನಿ, ಸೀಟ್ ಖಾಲಿ ಇದ್ರೂ.

ನಮ್ಮವ್ರು ಕೆಟ್ಟವ್ರಲ್ಲ. ಆದ್ರ ಹಿಟ್ಟಿನ ಕಥಿ ಕೇಳಿ "ನಿನ್ನ ಧಾರವಾಡಕ್ಕ ಕಳಸಬೇಕು" ಅಂತ ನಕ್ರು, ಅಂದ್ರ ಅಲ್ಲಿನ ಹುಚ್ಚರ ದವಾಖಾನಿಗೆ. ದಿನಾ ಹೋಗಾಕತ್ತೀನಲ್ಲ ಅಂತ ನಾನೂ ನಕ್ಕೆ. ಆಮ್ಯಾಲೆ ಬಾತ್‌ರೂಮಿನ್ಯಾಗ ನಳಾ ಬಿಟ್ಟು ಅತ್ತೆ.

ನಮ್ಮವ್ವ ಹಿಂಗ ಇದ್ಲು ನೋಡ್ರಿ, ನಾವು ಹೈಸ್ಕೂಲಿನ್ಯಾಗ ಇದ್ದಾಗ. ಅಕಿಗೆ ನಾವು ಅಕ್ಕತಂಗೇರು ಜಗಳಗಂಟಿ ಅಂತ ಅಡ್ಡಹೆಸರು ಇಟ್ಟಿದ್ವಿ.

ಕೇಳೋದಿಷ್ಟ: ಇದು ಮುಟ್ಟು ನಿಲ್ಲೋದರ ಸಂಬಂಧ ಆಗಾಕತ್ತಿದ್ದೋ, ಖರೇನ ತಲಿಗೆ ಏನರ ಆಗೇತೋ? ಯಾರಿಗೆ ತೋರಸಬೇಕು? ಮೆಡಿಕಲ್ ಶಾಪಿನವ ನಿದ್ದಿಗೆ ಅಂತ ಸಣ್ಣ ಗುಳಿಗಿ ಕೊಟ್ಟಾನ, ಅರ್ಧರ್ಧ ನಾಕು ಸಲ ತಗೊಂಡೀನಿ, ಚಲೋ ನಿದ್ದಿ ಬಂತು, ಮುಂದುವರಸಬಹುದೇನ್ರಿ?


ಗೋಕುಲ್_ರೋಡ್_49

ಅಕ್ಕಾರ ಗ್ವಾಡಿಗೆ ಒಗದೀರಿ, ಮಗಗ ಒಗೀಲಿಲ್ಲಲ್ಲ, ಪಾರಾದ್ರಿ. ನಾ ಟಿವಿ ರಿಮೋಟ್ ಒಡದೀನಿ, ಈಗ ಎದ್ದು ಹೋಗಿ ಚಾನಲ್ ಬದ್ಲಿ ಮಾಡ್ಬೇಕು. ಯಾರ್ ಏನ್ ಹೇಳ್ತಾರ ನೋಡೂಣು, ನಾನೂ ಇಲ್ಲೇ ಕುಂತೀನಿ.


ಸಿಸ್ಟರ್_ರಿಟೈರ್ಡ್

ಟೀಚರ್, ನಿಮಗ ಹುಚ್ಚು ಹಿಡದಿಲ್ಲ. 31 ವರ್ಷ ದವಾಖಾನ್ಯಾಗ ಹೆಣ್ಮಕ್ಕಳ ವಾರ್ಡು, ಓಪಿಡಿ ನೋಡಿ ಈಗ ಮನ್ಯಾಗ ಕುಂತೀನಿ. ನಿಮ್ಮಂಥಾವ್ರು ಬರೋದು ಬ್ಯಾರೆ ನೆವಾ ಹೇಳ್ಕೊಂಡ. ಸೊಂಟ ನೋವು ಅಂತಾರ, ಹೊಟ್ಟಿ ಉರಿ ಅಂತಾರ, ಬಿಪಿ ಪಟ್ಟಿ ಕಟ್ಟಿ ಬಿಚ್ಚೋ ಹೊತ್ತಿಗೆ ಮೆಲ್ಲಕ "ಸಿಸ್ಟರ್, ಭಾಳ ಸಿಟ್ಟು ಬರತದ್ರಿ" ಅಂತಾರ. ಆ ಮಾತು ಹೇಳಾಕ ಬಂದಿರ್ತಾರ, ಸೊಂಟ ನೋವಿಗಲ್ಲ.

12 ತಿಂಗಳು ಒಂದ್ಸಲನೂ ಮುಟ್ಟಾಗದಿದ್ರ ಆವಾಗ ನಿಂತದ ಅಂತ ಲೆಕ್ಕ. ನಮ್ಮ ದೇಶದ ಹೆಣ್ಮಕ್ಕಳಿಗೆ ಸರಾಸರಿ 46-47ಕ್ಕ ನಿಲ್ಲತದ, ಅಮೆರಿಕಾ ಕಡೆ 51ರ ಸುಮಾರು. ನಿಲ್ಲೋದಕ್ಕಿಂತ ಮುಂಚಿನ ನಾಕೈದು ವರ್ಷ ಅದಲ್ಲ, ಸಿಟ್ಟು ಅಂಜಿಕಿ ನಿದ್ದಿಗೇಡು ಎಲ್ಲಾ ಜಾಸ್ತಿ ಕಾಡೋದು ಆವಾಗ. ಯಾಕಂದ್ರ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ನೆಟ್ಟಗ ಇಳಕೋತ ಹೋಗೂದಿಲ್ಲ. ಮಳಿಗಾಲದಾಗ ಹಳ್ಳಿ ಕಡೆ ಕರೆಂಟ್ ಹೆಂಗಿರತದ, ಬಲ್ಬು ಒಮ್ಮೆ ಝಗ್ ಅಂತದ ಒಮ್ಮೆ ಮಿಣಿಮಿಣಿ ಅಂತದ, ಹಂಗ. ಮನಸ್ಸು ಹದಕ್ಕ ಇಡೋ ಸೆರೊಟೋನಿನ್ನಿಗೆ ಈ ಈಸ್ಟ್ರೋಜನ್ನಿನ ಆಸರ ಬೇಕು, ಅದು ಏರುಪೇರಾದ್ರ ಇದೂ ಏರುಪೇರು. ನಿದ್ದಿ ಸಮಾಧಾನ ಕೊಡೋ ಪ್ರೊಜೆಸ್ಟೆರಾನ್ ಅಂತೂ ಮೊದಲ ಕಡಿಮಿ ಆಗಿರತದ. ಮೈ ಬಿಸಿ ಎಷ್ಟಿರಬೇಕು ಅಂತ ನೋಡ್ಕೊಳ್ಳೋ ಮಿದುಳಿನ ಭಾಗಾನೂ ಭಾಳ ಸೂಕ್ಷ್ಮ ಆಗಿ, ಒಂದೀಟು ಸೆಕಿ ಆದ್ರ ಸಾಕು ಬೆಂಕಿ ಬಿದ್ದವರಂಗ ಗಾಬರಿಯಾಗಿ ಬೆವರು ಹರಿಸತದ. ನಿಮ್ಮ ಝಳ ಅಂದ್ರ ಅದು, ಭಾಳ ಮಂದಿಗೆ ಒಂದರಿಂದ ಐದು ನಿಮಿಷ ಇರತದ. ರಾತ್ರಿ ಎಬ್ಬಿಸೋದೂ ಭಾಳ ಸಲ ಅದ, ಎದ್ದ ಮ್ಯಾಲೆ ಎದಿ ಹೊಡಕೊಳ್ಳೋದಕ್ಕ ಮನಸ್ಸು ಒಂದು ಕಾರಣ ಹುಡುಕತದ, ಗ್ಯಾಸ್ ಸಿಗತದ.

ಹೆಸರು ಮರಿಯೋದೂ ಇದರಾಗ ಬರತದ್ರಿ, ಅದಕ್ಕ ಅಂಜಬ್ಯಾಡ್ರಿ. ಬಾಣಂತನದಾಗ ಮನಸ್ಸು ಕುಗ್ಗಿದವರಿಗೆ, ಡೇಟ್ ಮುಂಚೆ ಮೊದಲಿಂದ ಕಿರಿಕಿರಿ ಆಗೋವರಿಗೆ ಈ ವಯಸ್ಸಿನ್ಯಾಗ ಜಾಸ್ತಿ ಕಾಡತದ.

ಆದ್ರ ಎಲ್ಲಾ ಅದರ ಮ್ಯಾಲೆ ಹಾಕಬ್ಯಾಡ್ರಿ. ಮೊದಲ ರಕ್ತ ತಪಾಸಣಿ ಮಾಡಸ್ರಿ, ಥೈರಾಯ್ಡಿಂದು ಟಿಎಸ್‌ಎಚ್, ಹಿಮೋಗ್ಲೋಬಿನ್, ಬಿ12, ಶುಗರ್, ಜೊತಿಗೆ ಬಿಪಿ. ಥೈರಾಯ್ಡ್ ಹೆಚ್ಚುಕಡಿಮಿ ಆದ್ರೂ ಹಿಂಗ ಸಿಟ್ಟು, ಹಿಂಗ ಎದಿಬಡಿತ, ಹಿಂಗ ಮರುವು. ಮೈಯಾಗ ರಕ್ತ ಕಡಿಮಿ ಇದ್ರೂ ಎದಿ ಹೊಡಕೋತದ. ಸಾವಿರಾರು ರೂಪಾಯಿದು ಹಾರ್ಮೋನ್ ಪ್ಯಾಕೇಜ್ ಮಾಡಸ್ರಿ ಅಂತ ಲ್ಯಾಬಿನವರು ಅಂದ್ರ ಡಾಕ್ಟರ್ ಬರಕೊಟ್ಟ ಮ್ಯಾಲೆ ನೋಡೂಣು ಅನ್ರಿ, 45 ದಾಟಿದವರಿಗೆ ವಯಸ್ಸು ಲಕ್ಷಣ ಕೇಳಿನ ಗೊತ್ತಾಗತದ, ಇವತ್ತಿನ ಹಾರ್ಮೋನ್ ನಂಬರ್ ಮುಂದಿನ ವಾರ ಇರೂದಿಲ್ಲ. ತೋರಸೋದು ಸ್ತ್ರೀರೋಗದ ಡಾಕ್ಟರಿಗೆ, ಹುಬ್ಬಳ್ಳಿ ಸರ್ಕಾರಿ ದವಾಖಾನಿ ಕಿಮ್ಸ್ ಓಪಿಡಿ ಆದ್ರೂ ನಡೀತದ, ನಿಮ್ಮ ಖಾಯಂ ಡಾಕ್ಟರ್ ಇದ್ರ ಅವರಿಗೆ ಮೊದಲ. ಮತ್ತ ಎರಡು ತಿಂಗಳು ಡೇಟ್ ಇಲ್ಲಂದ್ರ ನಗಬ್ಯಾಡ್ರಿ, ಬಸಿರಿನ ಟೆಸ್ಟೂ ಮಾಡ್ಕೋರಿ, 47ಕ್ಕ ಆಗೂದಿಲ್ಲ ಅಂತ ತಿಳದು ದಂಗಾದವರನ್ನ ನೋಡೇನಿ.

ಆ ಸಣ್ಣ ಗುಳಿಗಿ. ಚೀಟಿ ಇಲ್ಲದ ಕೊಟ್ಟಿದ್ದು ಆಲ್ಪ್ರಾಜೋಲಾಮ್ ಜಾತಿದು ಇರಬೇಕು, ಹೆಸರು ನೋಡ್ರಿ. ನಾಕು ಅರ್ಧಕ್ಕ ಏನೂ ಆಗಿಲ್ಲ, ಆದ್ರ ಇಲ್ಲಿಗೆ ನಿಲ್ಲಸ್ರಿ. ಚಟಾ ಹತ್ತೋ ಗುಳಿಗಿ ಅದು. ಇದನ್ನ ಓದೋವರು ಯಾರರ ತಿಂಗಳಗಟ್ಟಲೆ ದಿನಾ ತಗೊಳ್ಳೋವರಿದ್ರ ಒಮ್ಮೆಲೆ ಬಿಡಬ್ಯಾಡ್ರಿ, ಡಾಕ್ಟರಿಗೆ ಹೇಳಿ ಸಾವಕಾಶ ಇಳಸಬೇಕು.


ಆರೋಗ್ಯ_ಮಿತ್ರ_ಅಣ್ಣ

ಇದೆಲ್ಲ ಪಿತ್ತದ ಪ್ರಭಾವ ಮೇಡಂ. ಇಂಗ್ಲಿಷ್ ಔಷಧಿ ಮುಟ್ಟಬ್ಯಾಡ್ರಿ. ನಮ್ಮಲ್ಲಿ ಹೆಣ್ಮಕ್ಕಳ ಸ್ಪೆಷಲ್ ಪುಡಿ ಐತಿ, 21 ದಿನದಾಗ ಗ್ಯಾರಂಟಿ, ಸೈಡ್ ಇಫೆಕ್ಟ್ ಝೀರೋ. ಇನ್‌ಬಾಕ್ಸ್ ಮಾಡ್ರಿ.


ಸಿಸ್ಟರ್_ರಿಟೈರ್ಡ್

ಅಣ್ಣಾರ, ಪುಡಿಯಾಗ ಏನೇನು ಹಾಕೀರಿ ಅಂತ ಇಲ್ಲೇ ಎಲ್ಲಾರ ಮುಂದ ಬರೀರಿ ನೋಡೂಣು. ಇನ್‌ಬಾಕ್ಸ್ ಯಾಕ?


ಗೋಕುಲ್_ರೋಡ್_49

ಅಣ್ಣ ಓಡಿ ಹೋದ 😄


ಬೆಟಗೇರಿ_ಮಗ್ಗ

ಟೀಚರ್ ಅಕ್ಕಾರ, ನಂದು ಗದಗ ಬೆಟಗೇರಿ. ನನ್ನ ಕಥಿ ಬ್ಯಾರೆ ಐತ್ರಿ ಆದ್ರೂ ಹೇಳ್ತೀನಿ, ಯಾರಿಗರ ಉಪಯೋಗ ಆಗಬಹುದು.

ನಂಗ 38ಕ್ಕ ಗರ್ಭಚೀಲ ತಗದ್ರು. ಬಿಳಿ ಹೋಗೂದು, ಸೊಂಟ ನೋವು, ಡೇಟಿನ್ಯಾಗ ಜಾಸ್ತಿ ಹೋಗೂದು ಇತ್ತು. ಒಂದು ಸ್ಕ್ಯಾನಿಂಗ್ ಮಾಡಿ, ಚೀಲ ಖರಾಬ್ ಆಗೇತಿ, ತಗದುಬಿಟ್ರ ಮುಂದ ಕ್ಯಾನ್ಸರಿನ ಅಂಜಿಕಿ ಇರೂದಿಲ್ಲ ಅಂದ್ರು. ನಮ್ಮ ಓಣ್ಯಾಗ ಮೂರು ಮಂದಿ ಅಲ್ಲೇ ತಗಸಿದ್ರು, ಹಂಗಾಗಿ ನಾವೂ ಹ್ಞೂಂ ಅಂದ್ವಿ. ಗುಳಿಗಿಲೆ ಆಗ್ತೈತೇನು, ಬ್ಯಾರೆ ಕಡೆ ಒಮ್ಮೆ ತೋರಸೂಣೇನು ಅಂತ ಕೇಳೋ ಬುದ್ಧಿ ಬರ್ಲಿಲ್ಲ. ಅಂಡಾಶಯಾನೂ ಎರಡೂ ತಗದಾರ ಅಂತ ನಂಗ ಗೊತ್ತಾಗಿದ್ದು ನಾಕು ವರ್ಷದ ಮ್ಯಾಲೆ, ಬ್ಯಾರೆ ಡಾಕ್ಟರ್ ಹಳೇ ಕಾಗದ ಓದಿ ಹೇಳಿದಾಗ.

ಆಪರೇಷನ್ ಆಗಿ ಹದಿನೈದು ದಿನಕ್ಕ ಶುರುವಾತು ನೋಡ್ರಿ. ನಿಮಗ ವರ್ಷಗಟ್ಟಲೆ ಮೆಲ್ಲಕ ಬರೋದು ನಂಗ ಒಮ್ಮೆಲೆ ಬಂತು, ಅಂಡಾಶಯ ತಗದ್ರ ಹಾರ್ಮೋನ್ ಒಂದ ದಿನಕ್ಕ ಬಂದ್ ಅಂತ. ಮಗ್ಗದ ಮುಂದ ಕುಂತ್ರ ಲಾಳಿ ಸಪ್ಪಳಕ್ಕ ತಲಿ ಸಿಡಿದು ಹೋಗೂದು, ಹುಟ್ಟಿದಾಗಿಂದ ಕೇಳಿದ ಸಪ್ಪಳ ಅದು. ನೂಲು ಹರದ್ರ ಸಾಕು ಅಳು. ಮನ್ಯಾಗ ಯಾರೂ ಇಲ್ಲಂದ್ರ ಬಾಗಲಾ ಹಾಕ್ಕೊಂಡು ಕುಂದರ್ತಿದ್ದೆ, ಯಾರರ ಬಾಗಲಾ ಬಡದ್ರ ಜೀವ ಹೋದಂಗ. ದೇವರ ಕಾಟ ಅಂದ್ರು, ಹರಕಿ ಹೊತ್ವಿ, ತಾಯತ ಕಟ್ಟಿದ್ವಿ.

ಕಡಿಗೆ ನಮ್ಮ ನಾದಿನಿ ಕೈ ಹಿಡ್ಕೊಂಡು ಧಾರವಾಡಕ್ಕ ಕರಕೊಂಡು ಹೋದ್ಲು, ಹ್ಞಾಂ, ಅದ ಧಾರವಾಡ, ನಿಮ್ಮ ಯಜಮಾನ್ರು ನಕ್ಕಿದ್ದು. ಡಿಮ್ಹಾನ್ಸ್, ಮನಸ್ಸಿನ ರೋಗದ ಸರ್ಕಾರಿ ದವಾಖಾನಿ. ಗೇಟಿನ ಹತ್ರ ನಾ ಸೆರಗು ಮುಖಕ್ಕ ಹಾಕ್ಕೊಂಡಿದ್ದೆ, ಯಾರರ ಗದಗಿನವರು ನೋಡಿದ್ರ ಅಂತ. ಒಳಗ ಹೋದ್ರ ಓಪಿಡಿ ಸಾಲಿನ್ಯಾಗ ನಮ್ಮ ಓಣಿ ಕಿರಾಣಿ ಅಂಗಡಿಯವರ ಹೆಂಡ್ತಿ ಕುಂತಿದ್ರು. ಅಕಿನೂ ಸೆರಗು ಹಾಕ್ಕೊಂಡಿದ್ಲು. ಇಬ್ರೂ ನೋಡಿದ್ವಿ, ಇಬ್ರೂ ಸೆರಗು ತಗದ್ವಿ.

ಬ್ರಿಟಿಷರ ಕಾಲದಾಗ 1845ರಾಗ ಹುಚ್ಚರ ದವಾಖಾನಿ ಅಂತ ಶುರು ಮಾಡಿದ್ದಂತ ಅದು, ಆ ಹೆಸರು ಇನ್ನೂ ಮಂದಿ ಬಾಯಾಗ ಐತಿ. ಅಲ್ಲಿ ಡಾಕ್ಟರಮ್ಮ ಒಂದು ಗುಳಿಗಿ ಕೊಟ್ರು, ಇದು ನಿದ್ದಿ ಗುಳಿಗಿ ಅಲ್ಲ, ಎರಡು ಮೂರು ವಾರ ಗುಣ ಕಾಣೂದಿಲ್ಲ ಬಿಡಬ್ಯಾಡ ಅಂದ್ರು. ಖರೇನ, ಹದಿನೆಂಟು ಇಪ್ಪತ್ತು ದಿನ ಏನೂ ಇಲ್ಲ, ಆಮ್ಯಾಲೆ ಒಂದ್ ಮುಂಜಾನೆ ಎದ್ದು ಚಹಾ ಕುಡಿಯಾಕತ್ತಾಗ ಗೊತ್ತಾತು ರಾತ್ರಿಯೆಲ್ಲ ಮಲಗೀನಿ ಅಂತ. ಒಂದೂವರಿ ವರ್ಷಕ್ಕ ಅವರ ಹೇಳಿ ಸಾವಕಾಶ ಬಿಡಿಸಿದ್ರು, ಹತ್ಕೊಂಡು ಕುಂದರ್ಲಿಲ್ಲ. ಎಲುಬಿನ ಡಾಕ್ಟರ್ ಹತ್ರಾನೂ ಹೋಗಬೇಕಾತು, ಸಣ್ಣ ವಯಸ್ಸಿನ್ಯಾಗ ಅಂಡಾಶಯ ತಗದ್ರ ಎಲುಬು ಜಲ್ದಿ ಸವೀತಾವಂತ. ಅದು ಮೊದಲ ಯಾರೂ ಹೇಳಿರ್ಲಿಲ್ಲ.

ಯಾರಿಗರ ಚೀಲ ತಗಸು ಅಂದ್ರ ಇನ್ನೊಂದು ಕಡೆ ಕೇಳ್ರಿ ಅಷ್ಟ. ಮತ್ತ ಅಂಡಾಶಯ ಇಡ್ತೀರೋ ತಗೀತೀರೋ ಅಂತ ಕೇಳಿ ಕಾಗದದಾಗ ಬರಸಿಕೊಳ್ರಿ.


ನವನಗರ_ಟೀಚರ್

ಬೆಟಗೇರಿ ಅಕ್ಕಾರ, ಓದಿ ಸುಮ್ಮನ ಕುಂತುಬಿಟ್ಟೆ. ಸಿಸ್ಟರ್, ಗುಳಿಗಿ ಹೆಸರು ನೋಡಿದೆ, ನೀವು ಹೇಳಿದ್ದ. ಡಬ್ಬಿಯಾಗ ಹಾಕಿ ಮ್ಯಾಲಿಟ್ಟೀನಿ, ಇಲ್ಲ ಇಲ್ಲ, ಒಗೀತೀನಿ.

ಇನ್ನೊಂದು ಕೇಳೂದಿತ್ತು, ಸ್ಟಾಫ್ ರೂಮಿನ್ಯಾಗ ಒಬ್ರು ಹಾರ್ಮೋನ್ ಗುಳಿಗಿ ತಗೊಂಡ್ರ ಎದಿ ಕ್ಯಾನ್ಸರ್ ಬರೋದು ಗ್ಯಾರಂಟಿ ಅಂದ್ರು, ಹೌದೇನ್ರಿ?


ಸಿಸ್ಟರ್_ರಿಟೈರ್ಡ್

ಗ್ಯಾರಂಟಿ ಅನ್ನೋದು ಆ ಪುಡಿ ಅಣ್ಣನ ಮಾತು ಆತು.

ಆ ಅಂಜಿಕಿ ಎಲ್ಲಿಂದ ಬಂತು ಹೇಳ್ತೀನಿ. ಅಮೆರಿಕಾದಾಗ ಒಂದು ದೊಡ್ಡ ಅಧ್ಯಯನ ನಡೆದಿತ್ತು, 2002ರಾಗ ಅದರ ಒಂದು ಭಾಗ ನಡುವ ನಿಲ್ಲಿಸಿದ್ರು, ಎದಿ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟೋದು ಜಾಸ್ತಿ ಕಂಡವು ಅಂತ. ಜಗತ್ತಿನ ತುಂಬ ಡಾಕ್ಟರುಗಳು ಒಮ್ಮೆಲೆ ಬರದುಕೊಡೋದು ಬಿಟ್ರು, ನಮ್ಮ ಓಪಿಡಿಯಾಗೂ ಆ ಮಾತ. ಆಮ್ಯಾಲೆ ಕುಂತು ನೋಡಿದ್ರ ಅದರಾಗ ಇದ್ದ ಹೆಣ್ಮಕ್ಕಳ ಸರಾಸರಿ ವಯಸ್ಸು 63, ಭಾಳ ಮಂದಿಗೆ ಮುಟ್ಟು ನಿಂತು ಹತ್ತು ವರ್ಷದ ಮ್ಯಾಲಾಗಿತ್ತು. ಈಗಿನ ಲೆಕ್ಕ ಏನಂದ್ರ, 60ರ ಒಳಗಿನವರಿಗೆ, ಇಲ್ಲಾ ಮುಟ್ಟು ನಿಂತು 10 ವರ್ಷದ ಒಳಗಿದ್ದವರಿಗೆ, ಬ್ಯಾರೆ ಅಡ್ಡಿ ಇಲ್ಲಂದ್ರ, ತ್ರಾಸ ಜಾಸ್ತಿ ಇದ್ರ, ನಷ್ಟಕ್ಕಿಂತ ಲಾಭ ಹೆಚ್ಚು. ಎದಿ ಕ್ಯಾನ್ಸರ್ ಆಗಿ ಹೋದವರಿಗೆ, ಕಾಲಾಗ ಎದ್ಯಾಗ ರಕ್ತ ಹೆಪ್ಪುಗಟ್ಟಿದವರಿಗೆ, ಪಾರ್ಶ್ವವಾಯು ಆದವರಿಗೆ, ಲಿವರ್ ಕೆಟ್ಟವರಿಗೆ, ಯಾಕ ರಕ್ತ ಹೋಗಾಕತ್ತದ ಅಂತ ಇನ್ನೂ ಗೊತ್ತಾಗದವರಿಗೆ ಕೊಡೂದಿಲ್ಲ. ಗರ್ಭಚೀಲ ಇದ್ದವರಿಗೆ ಈಸ್ಟ್ರೋಜನ್ ಒಂದ ಕೊಡೂದಿಲ್ಲ, ಜೊತಿಗೆ ಪ್ರೊಜೆಸ್ಟೆರಾನ್ ಬೇಕ ಬೇಕು, ಇಲ್ಲಂದ್ರ ಚೀಲದ ಒಳಪದರು ದಪ್ಪ ಆಗತದ. ಅದಕ್ಕ ಗೆಳತಿ ಚೀಟಿ ತೋರಿಸಿ ಅಂಗಡ್ಯಾಗ ತಗೊಳ್ಳೋ ವಸ್ತು ಅಲ್ಲ ಇದು. ಬ್ಯಾಡ ಅನ್ನೋವರಿಗೆ ಬ್ಯಾರೆ ದಾರಿನೂ ಅದಾವ, ಬೆಟಗೇರಿಯವರು ತಗೊಂಡರಲ್ಲ, ಮನಸ್ಸು ಕುಗ್ಗಿದ್ದಕ್ಕ ಕೊಡೋ ಆ ಥರದ ಗುಳಿಗಿಗಳೊಳಗ ಕೆಲವು ಝಳಾನೂ ಇಳಿಸತಾವ, ಅಂಜಿಕಿನೂ ಇಳಿಸತಾವ. ಕೌನ್ಸೆಲಿಂಗಿನ್ಯಾಗ ಸಿಬಿಟಿ ಅಂತ, ವಿಚಾರ ಮಾಡೋ ರೀತಿ ಬದ್ಲಿ ಮಾಡೋದು ಕಲಿಸೋ ಒಂದು ಪದ್ಧತಿ ಅದ, ರಾತ್ರಿ 3ರ ವಿಚಾರಕ್ಕ ಚಲೋ ಕೆಲಸ ಮಾಡತದ.

ಮನ್ಯಾಗ ಮಾಡೋದು: ಸಂಜಿ 4ರ ಮ್ಯಾಲೆ ಚಹಾ ಬಂದ್. ಬ್ಯಾಸರಾತೇನು? ನಂಗೂ ಆಗಿತ್ತು. ಮಿರ್ಚಿ ಭಜಿ ಗಿರ್ಮಿಟ್ ತಿಂದ ರಾತ್ರಿ ಝಳ ಜಾಸ್ತಿ ಬರತದೇನು ನಿಮಗ ನೀವ ನೋಡ್ಕೋರಿ, ಎಲ್ಲಾರಿಗೂ ಹಂಗಿಲ್ಲ. ಅಗಸಿ ಚಟ್ನಿ ತಿಂದ್ರ ಝಳ ನಿಲ್ಲತದ ಅನ್ನೋದಕ್ಕ ಗಟ್ಟಿ ಪುರಾವೆ ಇಲ್ಲ, ಚಟ್ನಿ ರುಚಿ ಇರತದ, ತಿನ್ರಿ. ದಿನಾ ಅರ್ಧ ತಾಸು ಜೋರಾಗಿ ನಡೀರಿ, ನಿಮ್ಮ ಧಾರವಾಡ ಸ್ಟಾಪಿನಿಂದ ಶಾಲಿಗೆ ನಡದ್ರೂ ಆತು.

ಎರಡು ವಿಷಯಕ್ಕ ಮಾತ್ರ ತಡ ಮಾಡಬ್ಯಾಡ್ರಿ. ಒಂದು, 12 ತಿಂಗಳು ನಿಂತ ಮ್ಯಾಲೆ ಒಂದು ಹನಿ ರಕ್ತ ಕಂಡ್ರೂ ತೋರಸಬೇಕು, ಮತ್ತ ಡೇಟ್ ಬಂತು ಅಂತ ಖುಷಿ ಪಡಬಾರದು. ಇನ್ನೊಂದು, ಎದ್ಯಾಗ ಒತ್ತಿದಂಗ ಆಗಿ ಕೈಗೆ ದವಡಿಗೆ ನೋವು ಹೋದ್ರ, ನಡದ್ರ ದಮ್ಮು ಬಂದ್ರ, ಅದು ಹಾರ್ಮೋನ್ ಅಂತ ಕುಂದರಬ್ಯಾಡ್ರಿ, ಇಸಿಜಿ.

ಬದುಕೋದ ಬ್ಯಾಡ ಅಂತ ಅನಸಿದ್ರ 14416ಕ್ಕ ಫೋನ್ ಮಾಡ್ರಿ, ಟೆಲಿ ಮಾನಸ್ ಅಂತ, ಸರ್ಕಾರದ್ದು, ರೊಕ್ಕ ಇಲ್ಲ, ಕನ್ನಡದಾಗ ಮಾತಾಡ್ತಾರ, ರಾತ್ರಿ 3ಕ್ಕೂ ಎತ್ತತಾರ.


ಬ್ಯಾಡಗಿ_ಲೆಕ್ಕದಾಕಿ

ಎಲ್ಲಾ ಓದಿದೆ. ನಾ ಒಂದೀಟು ಅಡ್ಡ ಮಾತು ಹೇಳ್ತೀನಿ, ಸಿಸ್ಟರ್ ಸಿಟ್ಟಾಗಬ್ಯಾಡ್ರಿ.

ನಂದು ಬ್ಯಾಡಗಿ, ಮೆಣಸಿನಕಾಯಿ ಅಡತಿ ಅಂಗಡ್ಯಾಗ ಲೆಕ್ಕ ಬರೀತೀನಿ, 51. ಜನವರಿ ಫೆಬ್ರವರಿ ಸೀಸನ್ನಿನ್ಯಾಗ ಇಡೀ ಊರ ಸೀನತೈತಿ, ಅಂಥಾದ್ರಾಗ ನಂಗ ಝಳ ಶುರುವಾಗಿದ್ದು, ಮೆಣಸಿನಕಾಯಿ ಘಾಟೋ ಒಳಗಿನ ಬೆಂಕಿನೋ ಒಂದು ವರ್ಷ ಗೊತ್ತ ಆಗ್ಲಿಲ್ಲ.

ನಾ ಏನ್ ಮಾಡಿದೆ ಅಂದ್ರ ಲೆಕ್ಕದಾಕಿ ಅಲ್ಲೇನ್ರಿ, ಒಂದು ಹಳೇ ಖಾತೆ ಪುಸ್ತಕ ತಗೊಂಡು ಸಿಟ್ಟಿನ ಲೆಕ್ಕ ಇಟ್ಟೆ. ತಾರೀಖು, ಹೊತ್ತು, ಯಾರ ಮ್ಯಾಲೆ, ಯಾಕ, ಹಿಂದಿನ ರಾತ್ರಿ ಎಷ್ಟು ತಾಸು ನಿದ್ದಿ. ಎರಡು ತಿಂಗಳಿಗೆ 41 ಸಲ ಬಂತು. ಕುಂತು ಕೂಡಿಸಿದ್ರ ಅದರಾಗ 14 ಮಾತ್ರ ಸುಳ್ಳ ಸಿಟ್ಟು, ಅಂದ್ರ ಕಾರಣ ಇಲ್ಲದ್ದು, ನಿದ್ದಿ ಆಗದ ಮರುದಿನ ಬಂದದ್ದು. ಉಳದ 27 ಮುಂಜಾನೆ 7ರಿಂದ 8:30ರ ಒಳಗ! ಯಾಕಂದ್ರ ಆ ಹೊತ್ತಿಗೆ ಮನ್ಯಾಗ ನಾಕು ಮಂದಿ ಕುಂತಿರ್ತಾರ, ಒಬ್ಬಾಕಿ ಓಡಾಡ್ತಿರ್ತಾಳ. ಅದು ಹಾರ್ಮೋನ್ ಅಲ್ರಿ ಟೀಚರ್, ಅದು ಬಾಕಿ ಉಳದ ಪಗಾರ. ಇಪ್ಪತ್ತೈದು ವರ್ಷ ಹಾರ್ಮೋನ್ ಸರಿ ಇದ್ದಾಗ ನುಂಗಿಕೊಂಡು ಹೋದ್ವಿ, ಈಗ ನುಂಗಾಕ ಆಗವಲ್ದು ಅಷ್ಟ.

ನೀವು ಹೇಳಿದ್ದು ನೋಡ್ರಿ. ಹನ್ನೆರಡನೇ ರೊಟ್ಟಿ. ಐತವಾರ. ನಿಮಗೂ ಅದು ರಜಾ ದಿನ. ಮಗಗ 16, ಅಂವ ಪಡಸಾಲ್ಯಾಗ. ಹುಡುಗ ಮೆತ್ತಂದು ಕೇಳಿದ, ಕೇಳಿದ್ದಕ್ಕ ಸಿಟ್ಟು ಬಂತು ಅಂತ ನೀವು ದವಾಖಾನಿಗೆ ಹೊಂಟೀರಿ. ಹೋಗ್ರಿ, ರಕ್ತಾನೂ ತೋರಸ್ರಿ, ನಾನೂ ತೋರಿಸೇನಿ, ಗುಳಿಗಿನೂ ತಗೊಂಡೀನಿ. ಆದ್ರ ಗುಳಿಗಿ ತಗೊಂಡು ತಣ್ಣಗ ಇನ್ನೂ ಹನ್ನೆರಡು ರೊಟ್ಟಿ ಬಡೀಲಿ ಅಂತ ಅಲ್ಲ.

ಪಂಚಮಿಗೆ ಹೋದ ವರ್ಷ ನಾನು ಉಂಡಿ ಕಟ್ಟಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವಾ ಉಂಡಿ ಎಲ್ಲಾ ಅಂಗಡಿಯಿಂದ ತರಿಸಿ ಡಬ್ಬಿಗೆ ಹಾಕಿ ತವರಿಗೆ ಹೋಗಿಬಿಟ್ಟೆ, ಹದಿನೆಂಟು ವರ್ಷದ ಮ್ಯಾಲೆ. ಏನ್ ಮಂದಿ ಅಂದ್ರು ಕೇಳಬ್ಯಾಡ್ರಿ. ತವರ ಮನ್ಯಾಗ ಜೋಕಾಲಿ ಆಡಿ ಕಾಲು ಉಳುಕಿಸಿಕೊಂಡೆ, ಅದೂ ಪುಸ್ತಕದಾಗ ಬರದೀನಿ.


ಸಿಸ್ಟರ್_ರಿಟೈರ್ಡ್

ಸಿಟ್ಟ್ಯಾಕ್ರಿ, ಬಾಕಿ ಉಳದ ಪಗಾರ ಅನ್ನೋದು ನಮ್ಮ ಪುಸ್ತಕದಾಗ ಇರ್ಲಿಲ್ಲ. ಆ ಲೆಕ್ಕದ ಪುಸ್ತಕ ಡಾಕ್ಟರಿಗೂ ತೋರಸ್ರಿ, ಮುಟ್ಟಿನ ತಾರೀಖೂ ಅದರಾಗ ಬರೀರಿ, ಅವರಿಗೆ ಭಾಳ ಅನುಕೂಲ ಆಗತದ.


ಕೇಶ್ವಾಪುರ_ಕೌದಿ

ನಾ ಗಂಡಸು, ಇಲ್ಲಿ ಬರೀಬಹುದೇನ್ರಿ? ಬೈದ್ರೂ ಬೈಸಿಕೋತೀನಿ.

ಟೀಚರ್ ಮೇಡಂ, "ಧಾರವಾಡಕ್ಕ ಕಳಸಬೇಕು" ಅನ್ನೋ ಮಾತು ನಾನೂ ನಮ್ಮ ಮನಿಯವ್ರಿಗೆ ಅಂದೀನಿ. ನಕ್ಕೋತ ಅಂದಿದ್ದು. ಅಕಿನೂ ನಕ್ಲು. ಇವತ್ತು ನಿಮ್ಮ ನಳಾ ಬಿಟ್ಟ ಮಾತು ಓದಿದ ಮ್ಯಾಲೆ ಅಕಿ ಆವತ್ತು ಎದ್ದು ಎಲ್ಲಿಗೆ ಹೋಗಿದ್ಲು ಅಂತ ನೆನಪು ಮಾಡ್ಕೊಳ್ಳಾಕತ್ತೀನಿ.

ನಮ್ಮ ಜಗಳ ಫ್ಯಾನಿಂದು. ಡಿಸೆಂಬರ್ ಥಂಡ್ಯಾಗ ಅಕಿಗೆ ಫ್ಯಾನ್ 5ರ ಮ್ಯಾಲೆ ಬೇಕು, ನಂಗ ಕೌದಿಯೊಳಗ ಹಲ್ಲು ಕಟಕಟ. ನಾ ಬಂದ್ ಮಾಡೋದು ಅಕಿ ಹಚ್ಚೋದು, ರಾತ್ರಿ ನಾಕು ಸಲ, ಮಾತಿಲ್ಲ ಕಥಿಯಿಲ್ಲ ಬರೀ ಸ್ವಿಚ್ ಸಪ್ಪಳ. ಒಂದಿನ ಡಾಕ್ಟರ್ ಹತ್ರ ಜೊತಿಗೆ ಹೋದೆ, ಹೊರಗ ಕುಂದರಾಕತ್ತಿದ್ದೆ, ಅವರ ಒಳಗ ಕರದ್ರು. ಈ ಝಳ ಕೆಲವ್ರಿಗೆ ಏಳೆಂಟು ವರ್ಷ ಇರ್ತೈತಿ ಅಂದ್ರು. ನಾ ಏಳೆಂಟು ದಿನ ಅಂತ ತಿಳದಿದ್ದೆ, ಖರೇನ. ಈಗ ಅಕಿಗೆ ಒಂದು ಸಣ್ಣ ಟೇಬಲ್ ಫ್ಯಾನ್, ನಂಗ ಎರಡು ಕೌದಿ, ಒಂದು ನಮ್ಮವ್ವ ಹೊಲದದ್ದು.

ಇನ್ನೊಂದು ಕಲತೀನಿ, ಜಗಳ ನಡದಾಗ "ಡೇಟ್ ಹತ್ರ ಬಂದೇತೇನ?" ಅಂತ ಕೇಳಬಾರದು. ಒಮ್ಮೆ ಕೇಳಿದ್ದೆ.


ಗೋಕುಲ್_ರೋಡ್_49

ಅಣ್ಣಾರ, ಕೇಳಿದ ಮ್ಯಾಲೆ ಏನಾತು ಅಂತ ಬರೀಲಿಲ್ಲಲ್ಲ 😂


ಕೇಶ್ವಾಪುರ_ಕೌದಿ

ಅದು ಬ್ಯಾಡ ಬಿಡ್ರಿ ಅಕ್ಕಾರ.


ನವನಗರ_ಟೀಚರ್

ಐದು ವಾರ ಆತು, ಏನಾತು ಅಂತ ಹೇಳದ ಇದ್ರ ತಪ್ಪಾಗ್ತೈತಿ ಅಂತ ಬಂದೀನಿ.

ಟಿಎಸ್‌ಎಚ್ 8.6 ಬಂತು, ಜಾಸ್ತಿ ಅಂತ, ಹಿಮೋಗ್ಲೋಬಿನ್ 9.4, ಕಡಿಮಿ ಅಂತ. ಇನ್ನೊಮ್ಮೆ ಟೆಸ್ಟ್ ಮಾಡಿಸಿ, ಮುಂಜಾನೆ ಬರೀ ಹೊಟ್ಟಿಲೆ ಥೈರಾಯ್ಡ್ ಗುಳಿಗಿ, ಮಧ್ಯಾಹ್ನ ಕಬ್ಬಿಣದ ಗುಳಿಗಿ, ಎರಡೂ ಕೂಡಿಸಿ ತಗೊಳಂಗಿಲ್ಲ ಅಂತ ಹೇಳ್ಯಾರ. ಹಾರ್ಮೋನ್ ಈಗ ಬ್ಯಾಡ, ಮೂರು ತಿಂಗಳು ನೋಡೂಣು ಅಂದ್ರು. ಎದಿಬಡಿತ ಕಡಿಮಿ ಐತಿ. ಝಳ ಇದ್ದದ್ದ ಐತಿ. ರಾತ್ರಿ 3 ಈಗ ಕೆಲವು ದಿನ 4:30 ಆಗೇತಿ, ಅದೂ ಲಾಭನ.

ಲೆಕ್ಕದಾಕಿ ಅಕ್ಕಾರ, ಪುಸ್ತಕ ಇಟ್ಟೀನಿ. ನಿಮ್ಮಷ್ಟು ಚಲೋ ಲೆಕ್ಕ ಬರೂದಿಲ್ಲ, ಆದ್ರ ನಂದೂ ಮುಂಜಾನೆದ ಜಾಸ್ತಿ. ಪುಸ್ತಕ ಟೇಬಲ್ ಮ್ಯಾಲೆ ಬಿಟ್ಟು ಹೋಗಿದ್ದೆ, ಮರತೋ ಬೇಕಂತೋ ನಂಗೂ ಗೊತ್ತಿಲ್ಲ, ನಮ್ಮವ್ರು ಓದ್ಯಾರ. ಏನೂ ಅನ್ಲಿಲ್ಲ. ಮರುದಿನ 6ಕ್ಕ ಎದ್ದು ಚಹಾ ಮಾಡಿದ್ರು, ಸಕ್ಕರಿ ಎರಡು ಸಲ ಹಾಕಿದ್ರು, ಕುಡದೆ. ಐತವಾರದ ರೊಟ್ಟಿ ಈಗ ಮಾರೋ ಅಕ್ಕಾರ ಕಡೆಯಿಂದ ತರಸ್ತೀವಿ. ಅತ್ತಿಯವರು ಮಾರೋ ರೊಟ್ಟಿ ಗಂಟಲಾಗ ಇಳಿಯೂದಿಲ್ಲ ಅಂದ್ರು, ಎಣಗಾಯಿ ಹಚ್ಕೊಂಡು ಮೂರು ಉಂಡ್ರು. ಮಗ ಗ್ವಾಡಿ ಮ್ಯಾಲಿನ ಹಿಟ್ಟಿನ ಕಲೆ ಸುತ್ತ ಪೆನ್ಸಿಲ್‌ಲೆ ಗೆರಿ ಹಾಕಿ ತಾರೀಖು ಬರದಾನ. ಅಳಿಸ್ಲೋ ಬ್ಯಾಡೋ ಅಂತ ಇನ್ನೂ ವಿಚಾರ ಮಾಡಾಕತ್ತೀನಿ.

ಒಂದು ಮಾತು ಉಳೀತು. ನಮ್ಮವ್ವಗ ಫೋನ್ ಮಾಡಿದ್ದೆ, ಈಗ 74 ಅಕಿಗೆ, ಊರಾಗ ತಮ್ಮನ ಹತ್ರ ಇರ್ತಾಳ. ಅವ್ವ, ನಾವು ಸಣ್ಣವರಿದ್ದಾಗ ನಿನಗೂ ಹಿಂಗ ಮೈ ಝಳ ಝಳ ಆಗ್ತಿತ್ತೇನ ಅಂತ ಕೇಳಿದೆ. ಆಗದ ಏನ ಯವ್ವ, ಥಂಡ್ಯಾಗೂ ಹಿತ್ತಲ ಬಾವಿಕಟ್ಟಿ ಮ್ಯಾಲೆ ಹೋಗಿ ಕುಂದರ್ತಿದ್ದೆ, ಕಲ್ಲು ತಣ್ಣಗ ಇರ್ತಿತ್ತು, ನೀವೆಲ್ಲಾ ಮಲಗಿರ್ತಿದ್ರಿ ಅಂದ್ಲು. ಮತ್ತ ಯಾರಿಗೂ ಯಾಕ ಹೇಳ್ಲಿಲ್ಲ ಅಂದೆ. ಯಾರಿಗೆ ಹೇಳೂದಿತ್ತು, ನಿಮ್ಮಪ್ಪಗೇನ ಅಂತ ನಕ್ಲು. ಜಗಳಗಂಟಿ ಅಂತಿದ್ವಿ ನಿನಗ ಅಂದೆ. ಗೊತ್ತಿತ್ತ ಬಿಡ ಅಂದ್ಲು, ಆಮ್ಯಾಲೆ ಶೇಂಗಾ ಒಣಗಿಸೀನಿ, ಯಾರರ ಬರೋವರಿದ್ರ ಕಳಸ್ತೀನಿ, ಚೀಲ ತೊಳದು ಇಟ್ಟೀಯೇನ ಅಂತ ಕೇಳಿದ್ಲು.